ಕೂಗಿಗೆ ಬಂದ ಉತ್ತರ

ನಾಯಿಮರಿಯನ್ನು ಸೈಕಲ್ಲಿನಲ್ಲಿ ಕರೆದುಕೊಂಡು ಹೋಗುವ ಆಸೆ ಇದ್ದವರು ಮೊದಲು ಒಂದು ಮಾತು ಕೇಳಿ: ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಬೇಡಿ. ಅದು ಏನು ಮಾಡುತ್ತಿದೆ ಎಂದು ನೀವು ತಿರುಗಿ ನೋಡುವಷ್ಟರಲ್ಲಿ ಮುಂದೆ ಗುಂಡಿ ಬಂದಿರುತ್ತದೆ. ಟೊಮೆಟೊ ಕ್ರೇಟೊಂದನ್ನು ಹ್ಯಾಂಡಲ್ಲಿನ ಮುಂದೆ, ಲೈಟಿಗೆ ಅಡ್ಡ ಬಾರದ ಹಾಗೆ, ಹಳೆಯ ಟ್ಯೂಬಿನಿಂದ ಬಿಗಿದು ಕಟ್ಟಿ. ಒಳಗೆ ಗೋಣಿಚೀಲ ಮಡಚಿ ಹಾಕಿ. ಕೊರಳಪಟ್ಟಿಗೆ ಹಗ್ಗ ಕಟ್ಟಬೇಡಿ, ಮರಿ ಹಾರಿದರೆ ನೇಣಾಗುತ್ತದೆ. ಎದೆಗೆ ಸುತ್ತುವ ಪಟ್ಟಿ ಸಿಗುತ್ತದೆ, ಅದನ್ನೇ ತನ್ನಿ, ಅಂಗಡಿಯವನು ಹೇಳಿದ ಬೆಲೆಗೆ ಮಾತ್ರ ತರಬೇಡಿ. ಹೊರಡುವ ಮುನ್ನ ಹೊಟ್ಟೆ ಬಿರಿಯುವಷ್ಟು ಹಾಲು ಕುಡಿಸಬೇಡಿ. ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದಿತ್ತು, ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಚನ್ನಗಿರಿಯವನು. ಅಡಿಕೆ ಖೇಣಿ ನನ್ನ ಕಸುಬು. ಅಂದರೆ ಫಸಲು ಮರದ ಮೇಲಿರುವಾಗಲೇ ನೋಡಿ, ಒಂದು ಬೆಲೆಗೆ ಕುದುರಿಸಿ, ಕೊಯ್ಲಿನಿಂದ ಮಾರಾಟದವರೆಗೆ ಲಾಭ ನಷ್ಟ ಎರಡನ್ನೂ ನಾನೇ ಹೊತ್ತುಕೊಳ್ಳುವುದು. ಅದಕ್ಕೂ ಮುಂಚೆ, ಮೀಸೆ ಚಿಗುರುವ ವಯಸ್ಸಿನಲ್ಲಿ, ಬೇರೆಯವರ ಕಣಗಳಲ್ಲಿ ಬೇಯಿಸಿ ಹರವಿದ ಅಡಿಕೆಯನ್ನು ಕಾಯುತ್ತಾ ಮಲಗಿದವನು. ಈಚೆಗೆ ಸಕ್ಕರೆ ಕಾಯಿಲೆ ಶುರುವಾಗಿ, ಡಾಕ್ಟರು ಸೈಕಲ್ ತುಳಿಯಿರಿ ಎಂದರು. ಗೇರಿನ ಸೈಕಲ್ಲು ಕೊಂಡೆ. ಅದರ ಹಿಂದೆಯೇ ಟೆಂಟಿನ ಆಸೆ ಬಂತು.

ಮರಿ ನನ್ನ ಹೆಂಡತಿಯದು. ಮಂಡಿ ಆಪರೇಷನ್ ಆದಮೇಲೆ ಅವಳು ಮಂಚ ಬಿಟ್ಟು ಇಳಿಯುತ್ತಿರಲಿಲ್ಲ. ನಡೆಯಿರಿ ಎಂದು ಎಲ್ಲರೂ ಹೇಳಿ ಸೋತಿದ್ದರು. ಯಾರೋ ಗೇಟಿನ ಹತ್ತಿರ ಬಿಟ್ಟುಹೋದ ಈ ಕಂದು ಬಣ್ಣದ ಮರಿ ಕುಂಯ್ ಅಂದಾಗ, ಅವಳು ಕೋಲು ಹಿಡಿದು ಗೇಟಿನವರೆಗೆ ನಡೆದುಬಿಟ್ಟಳು. ಆಮೇಲೆ ದಿನವೂ ಅದರ ಹಿಂದೆ ಅಂಗಳ ಸುತ್ತುತ್ತಿದ್ದಳು. ಹೆಸರಿಡಲಿಲ್ಲ, ಮರೀ ಎಂದರೆ ಓಡಿಬರುತ್ತಿತ್ತು. ಆ ಮರಿ ಹೋದರೆ ಅವಳು ಮತ್ತೆ ಮಂಚಕ್ಕೇ ಹೋಗುತ್ತಾಳೆ ಎಂಬುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ತಿಳಿದಿದ್ದ ಸಂಗತಿ.

"ರೀ, ಟೆಂಟಂತೆ, ಸೈಕಲ್ಲಂತೆ. ಹೋಗೋರು ನೀವು ಹೋಗ್ರಿ, ಮರಿ ಯಾಕೆ?" ಎಂದಳು.

"ರಾತ್ರಿ ನಂಗೊಂದು ಜೊತೆ ಇರ್ಲಿ ಕಣೆ."

"ಅದು ನಿಮಗೆ ಜೊತೆನೋ, ನೀವು ಅದಕ್ಕೆ ಜೊತೆನೋ? ಹೆಂಗೆ ಒಯ್ತೀರೋ ಹಂಗೇ ತಂದು ಒಪ್ಪಿಸ್ರಿ. ಇಲ್ಲಾಂದ್ರೆ ನಾನು ಬಾಗ್ಲು ತೆಗೆಯಾದಿಲ್ಲ."

ಉಬ್ರಾಣಿ ಕಡೆ ಗುಡ್ಡದ ಬುಡದಲ್ಲಿ ಒಂದು ಅಡಿಕೆ ತೋಟವನ್ನು ಖೇಣಿಗೆ ಕೇಳುತ್ತಿದ್ದೆ. ರಾತ್ರಿ ಅಲ್ಲೇ ತಂಗಿದರೆ ಬೆಳಿಗ್ಗೆ ಫಸಲು ನೋಡಿದ ಹಾಗೂ ಆಯಿತು ಎಂದುಕೊಂಡೆ. ಮೆಕ್ಕೆಜೋಳ ತೆನೆ ಕಟ್ಟಿದ ಕಾಲ, ರಸ್ತೆಯ ಎರಡೂ ಕಡೆ ಆಳೆತ್ತರ ನಿಂತಿತ್ತು. ಮರಿ ಕ್ರೇಟಿನ ಅಂಚಿಗೆ ಗದ್ದ ಊರಿ, ಕಿವಿ ಹಾರಿಸಿಕೊಂಡು, ಎದುರಿಗೆ ಬಂದ ಪ್ರತಿ ಟ್ರ್ಯಾಕ್ಟರಿಗೂ ಬೊಗಳುತ್ತಾ ಬಂತು. ಹೊತ್ತು ಇಳಿಯುವ ಮುಂಚೆ ತೋಟ ಸೇರಿದೆವು.

ತೋಟದ ಯಜಮಾನಿ ಹುಲ್ಲಿನ ಹೊರೆ ಕಟ್ಟುತ್ತಾ ನಿಂತಿದ್ದಳು. ಚೌಕಾಸಿಯಲ್ಲಿ ನನಗೂ ಬೆವರಿಳಿಸುವ ಹೆಂಗಸು.

"ಏನ್ ಸಾವ್ಕಾರ್ರೆ, ಕಾರು ಮಾರಿ ಸೈಕಲ್ ತಗಂಡ್ರಾ? ಹಂಗಾದ್ರೆ ನಮ್ ತೋಟಕ್ಕೆ ಏನ್ ಕೊಡ್ತೀರಿ ನೀವು?"

"ನಿಮ್ಮಂಥೋರತ್ರ ವ್ಯಾಪಾರ ಮಾಡೇ ಅಕ್ಕಾ ಈ ಗತಿ ಬಂದಿದ್ದು."

ನಗುತ್ತಾ ಹತ್ತಿರ ಬಂದವಳು ಕ್ರೇಟಿನೊಳಗೆ ನೋಡಿದಳು. ನಗು ನಿಂತಿತು.

"ಇದನ್ನ ಯಾಕೆ ತಂದ್ರಿ? ಮೊನ್ನೆ ನಮ್ಮ ಬಾಗ್ಲಾಗೆ ಕಟ್ಟಿದ್ದ ದೊಡ್ಡ ನಾಯಿನೇ ಎತ್ಕಂಡು ಹೋತು. ಸರಪಳಿ ಐತೆ, ನಾಯಿ ಇಲ್ಲ."

"ಚಿರತೆನಾ?"

"ಮತ್ತೆ ಬೆಕ್ಕಾ? ಮೋಟ್ರು ಮನ್ಯಾಗೆ ಮಲಗಿ ಬಾಗ್ಲು ಹಾಕ್ಕಳ್ರಿ. ಆ ಬಟ್ಟೆ ಮನೆ ಬ್ಯಾಡ" ಎಂದು ಕ್ಯಾರಿಯರ್ ಮೇಲಿನ ಟೆಂಟಿನ ಕಡೆ ಕೈ ಮಾಡಿದಳು.

ಆಯಿತು ಎಂದೆ. ಅವಳು ಹೊರೆ ಹೊತ್ತು ಊರಿಗೆ ಹೋದಳು. ನೀರೆತ್ತುವ ಮೋಟರ್ ಮನೆಯ ಬಾಗಿಲು ತೆಗೆದರೆ ಒಳಗೆ ಬೆಳೆಗೆ ಹೊಡೆಯುವ ಔಷಧಿ ಡಬ್ಬಗಳು, ಹರಿದ ಗೊಬ್ಬರದ ಚೀಲ, ಕಣ್ಣು ಉರಿಸುವ ವಾಸನೆ. ಕಂಡದ್ದನ್ನೆಲ್ಲ ನೆಕ್ಕುವ ಮರಿ ಇದು. ಇಲ್ಲಿ ಮಲಗಿದರೆ ಚಿರತೆ ಬೇಕಾಗಿಲ್ಲ ಅನ್ನಿಸಿತು. ಗೋಡೆಗೆ ಒತ್ತಿಕೊಂಡೇ ಹೊರಗೆ ಟೆಂಟು ಹಾಕಿದೆ. ಮರಿಯ ಪಟ್ಟಿಯ ಹಗ್ಗವನ್ನು ನನ್ನ ಮುಂಗೈಗೆ ಸುತ್ತಿ ಗಂಟು ಹಾಕಿಕೊಂಡೆ. ಬುತ್ತಿಯ ರೊಟ್ಟಿಯಲ್ಲಿ ಅರ್ಧ ಅದು ತಿಂದಿತು.

ಕತ್ತಲಾಯಿತು. ಗುಡ್ಡದ ಮರೆಯಲ್ಲಿ ಮೊಬೈಲು ಸಿಗ್ನಲ್ ಕಳೆದುಕೊಂಡಿತ್ತು. ಸರಪಳಿ ಐತೆ, ನಾಯಿ ಇಲ್ಲ ಎಂಬ ಮಾತು ತಲೆಯಲ್ಲಿ ತಿರುಗುತ್ತಿತ್ತು. ಎಲೆ ಬಿದ್ದರೂ ಟಾರ್ಚು ಹಾಕುತ್ತಿದ್ದೆ.

ನಮ್ಮಲ್ಲಿ ಕಣ ಕಾಯುವವರದೊಂದು ರೂಢಿ ಇದೆ. ಮಲಗುವ ಮುಂಚೆ ಹೊರಗೆ ನಿಂತು ಒಮ್ಮೆ ಕೂಗು ಹಾಕಬೇಕು. ಪಕ್ಕದ ಕಣದವನು ತಿರುಗಿ ಕೂಗುತ್ತಾನೆ. ಉತ್ತರ ಬಂತೆಂದರೆ ಹತ್ತಿರದಲ್ಲಿ ಇನ್ನೊಬ್ಬ ಮನುಷ್ಯ ಎಚ್ಚರ ಇದ್ದಾನೆ ಎಂದು ಅರ್ಥ, ನೀನು ಕಣ್ಣು ಮುಚ್ಚಬಹುದು. ಬರದಿದ್ದರೆ ಕೋಲು ತೆಗೆದುಕೊಂಡು ಹೋಗಿ ನೋಡಬೇಕು. ಎಷ್ಟೋ ವರ್ಷ ಹಾಗೇ ಮಲಗಿದವನು ನಾನು. ಟೆಂಟಿನಿಂದ ತಲೆ ಹೊರಗೆ ಹಾಕಿ ಕೂಗಿದೆ.

"ಹೋಯ್!"

ಸ್ವಲ್ಪ ತಡೆದು, ತೋಟದ ಪಕ್ಕದ ಮೆಕ್ಕೆಜೋಳದ ಹೊಲದ ಕಡೆಯಿಂದ ದನಿ ಬಂತು. "ಯಾರಲೇ ಅದು! ಬಂದೆ ತಡಿ!" ಹಿಂದೆಯೇ ಒಂದು ಕೆಮ್ಮು, ಎರಡು ಮೂರು ನಾಯಿಗಳ ಬೊಗಳು.

"ಖೇಣಿಯೋನು ಕಣಣ್ಣಾ, ಅಕ್ಕನ ತೋಟದಾಗೆ ಮಲಗೀನಿ!" ಎಂದೆ. ಆ ಕಡೆ ಸುಮ್ಮನಾಯಿತು. ಒಪ್ಪಿದ ಅಂದುಕೊಂಡೆ. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಕಾವಲಿಗೆ ಮನುಷ್ಯ ಇದ್ದಾನೆ, ಅವನ ಜೊತೆ ನಾಯಿಗಳಿವೆ, ಚಿರತೆ ಈ ಕಡೆ ಸುಳಿಯುವುದಿಲ್ಲ. ಮುಂಗೈ ನೋಯುತ್ತಿತ್ತು, ಹಗ್ಗ ಬಿಚ್ಚಿದೆ. ನಿದ್ದೆಯ ಅಂಚಿನಲ್ಲಿ ಇನ್ನೊಮ್ಮೆ ಆ ದನಿ ಕೇಳಿತು. ಪಾಪ, ಹಂದಿ ಓಡಿಸುತ್ತಿದ್ದಾನೆ, ಎಚ್ಚರವಾಗಿದ್ದಾನೆ ಎಂದು ಮಗ್ಗುಲು ಬದಲಿಸಿದೆ.

ಎಚ್ಚರವಾದಾಗ ಪಕ್ಕೆ ತಣ್ಣಗಿತ್ತು. ಅಷ್ಟು ಹೊತ್ತು ಬಿಸಿಯಾಗಿ ಒತ್ತಿಕೊಂಡಿದ್ದ ಮೈ ಇರಲಿಲ್ಲ. ಟಾರ್ಚು ಹಾಕಿದೆ. ಟೆಂಟಿನ ಜಿಪ್ಪು ಕೆಳಗಡೆ ಒಂದು ಮೂತಿ ತೂರುವಷ್ಟು ತೆರೆದಿತ್ತು.

"ಮರೀ... ಮರೀ..."

ಹೊರಗೆ ಬಂದು ಟೆಂಟಿನ ಸುತ್ತ ಬೆಳಕು ಹಾಕಿ ನೋಡಿದೆ. ಆಗ ಗುಡ್ಡದ ಕಡೆಯಿಂದ ಒಂದು ಸದ್ದು ಬಂತು. ಒಣ ಮರಕ್ಕೆ ಗರಗಸ ಹಾಕಿ ಎಳೆದ ಹಾಗೆ, ಖರ್... ಖರ್... ನಿಂತು, ಮತ್ತೆ ಖರ್. ಆ ಸದ್ದು ಏನೆಂದು ಈ ಕಡೆಯ ತೋಟಗಳಲ್ಲಿ ತಿರುಗಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ಮೋಟರ್ ಮನೆಗೆ ನುಗ್ಗಿ ಬಾಗಿಲು ಹಾಕಿಕೊಳ್ಳುವ ಯೋಚನೆ ಬಂತು. ಆದರೆ ಮನೆಯಲ್ಲಿ ಮಂಚದ ಕಡೆ ನಡೆದುಹೋಗುವ ಹೆಂಡತಿಯ ಬೆನ್ನು ಕಣ್ಣಿಗೆ ಕಟ್ಟಿತು.

"ಅಣ್ಣಾ! ನಾಯಿಮರಿ ಏನಾರ ಆ ಕಡೆ ಬಂತಾ?" ಎಂದು ಕಿರುಚಿದೆ.

"ಯಾರಲೇ ಅದು! ಬಂದೆ ತಡಿ!"

"ನಾನೇ ಅಣ್ಣಾ, ಆಗ್ಲೇ ಹೇಳಿದ್ನಲ್ಲ!" ಜೋಳದ ಸಾಲಿನೊಳಗೆ ನುಗ್ಗಿದೆ. ನೀರು ಬಿಟ್ಟ ಕಾಲುವೆಯ ಕೆಸರಿನಲ್ಲಿ ಚಪ್ಪಲಿ ಸಿಕ್ಕಿಕೊಂಡವು, ಬಿಟ್ಟು ನಡೆದೆ. ಗರಿಗಳು ಮುಖ ಕೊಯ್ಯುತ್ತಿದ್ದವು. ಎರಡು ಮಾರಿನಾಚೆ ಏನೂ ಕಾಣದು. "ಅಣ್ಣಾ, ಒಂಚೂರು ಲೈಟ್ ಹಾಕ್ರಿ! ನಿಮ್ಮ ಋಣ ಇಟ್ಕೊಳ್ಳಾದಿಲ್ಲ!"

"ಯಾರಲೇ ಅದು! ಬಂದೆ ತಡಿ!" ಕೆಮ್ಮು. ನಾಯಿಗಳು.

ಏನು ಸೊಕ್ಕಿನ ಮನುಷ್ಯ ಎಂದು ಸಿಟ್ಟು ಬಂತು. ಆ ಸಿಟ್ಟೇ ನನ್ನನ್ನು ಇನ್ನಷ್ಟು ದೂರ ನಡೆಸಿತು. ಮತ್ತೆ ಕೂಗು ಬಂತು, ಅದೇ ಮಾತು, ಮಾತು ಮುಗಿದ ಕಡೆಯೇ ಅದೇ ಕೆಮ್ಮು, ಕೆಮ್ಮಿನ ಬಾಲ ಹಿಡಿದು ಅದೇ ನಾಯಿ ಮೊದಲು ಬೊಗಳಿತು. ನಾನು ನಿಂತೆ. ಮನುಷ್ಯ ಒಂದೇ ಮಾತನ್ನು ಎಷ್ಟು ಸಲ ಬೇಕಾದರೂ ಆಡಬಹುದು. ಆದರೆ ಪ್ರತಿ ಸಲವೂ ಒಂದೇ ತರ ಕೆಮ್ಮುವುದಿಲ್ಲ.

ಇಲ್ಲಿ ಯಾರೂ ಇಲ್ಲ. ಮೊದಲಿನಿಂದಲೂ ಇರಲಿಲ್ಲ. ಕಾವಲಿದೆ ಎಂದು ನಂಬಿ ಮಲಗಿದೆ, ಈಗ ಆ ಕಾವಲನ್ನೇ ನಂಬಿ ಚಿರತೆ ಇರುವ ಹೊಲದ ನಡುವಿಗೆ ಬಂದು ನಿಂತಿದ್ದೇನೆ. ಅಷ್ಟು ಒಂಟಿ ಅಂತ ನನಗೆ ಆ ಮೊದಲು ಎಂದೂ ಅನ್ನಿಸಿರಲಿಲ್ಲ.

ಟಾರ್ಚು ಆಡಿಸಿದೆ. ಸ್ವಲ್ಪ ಮುಂದೆ ಒಂದು ಗೂಟ, ಗೂಟದ ತಲೆಗೆ ತಂತಿ ಸುತ್ತಿ ಕಟ್ಟಿದ ಬ್ಯಾಟರಿ ಸ್ಪೀಕರು. ಹಂದಿ ಓಡಿಸಲು ಮನುಷ್ಯನ ಕೂಗು, ನಾಯಿಗಳ ಬೊಗಳು ತುಂಬಿಸಿ ಹೊಲದಲ್ಲಿ ಇಡುತ್ತಾರಲ್ಲ, ಅದು. ರಾತ್ರಿ ಒಂದು ಹೊತ್ತಾದ ಮೇಲೆ ತಡೆದು ತಡೆದು ತಾನೇ ಕೂಗುತ್ತಿರುತ್ತದೆ, ಯಾರ ಕೂಗಿಗೂ ಉತ್ತರವಲ್ಲ. ಗೂಟದ ಬುಡದಲ್ಲಿ ನಮ್ಮ ಮರಿ ಕುಳಿತಿತ್ತು. ಮುಖ ಮೇಲೆತ್ತಿ, ತಲೆ ಓರೆ ಮಾಡಿ, ಡಬ್ಬದೊಳಗಿನ ನಾಯಿಗಳಿಗೆ ಬಾಲ ಆಡಿಸುತ್ತಿತ್ತು. ತಾಯಿಯನ್ನು ಬಿಟ್ಟು ಇನ್ನೂ ಬಹಳ ದಿನವಾಗಿರಲಿಲ್ಲ ಅದಕ್ಕೆ.

ಎತ್ತಿಕೊಂಡೆ. ಅಷ್ಟರಲ್ಲಿ ಗರಗಸದ ಸದ್ದು ಮತ್ತೆ ಬಂತು. ಈ ಸಲ ಗುಡ್ಡದಿಂದಲ್ಲ, ಕಾಲುವೆಯ ಕಡೆಯಿಂದ, ನಾನು ಬಂದ ದಾರಿಯಿಂದ. ಮರಿಯ ಮೈಕೂದಲು ನನ್ನ ಕೈಯೊಳಗೇ ನಿಂತವು, ಬೆಚ್ಚಗೆ ನನ್ನ ಅಂಗಿಯ ಮೇಲೆ ಉಚ್ಚೆ ಹೊಯ್ದಿತು. ಓಡಬಾರದು ಎಂದು ಗೊತ್ತಿತ್ತು. ಇಂಥ ಕಡೆ ಯಾರೂ ಓಡಬೇಡಿ, ಕೂರಬೇಡಿ, ಬಗ್ಗಬೇಡಿ. ಚಿರತೆ ಬೆದರಿಸಲು ಕೈಗೆ ಸಿಕ್ಕಿದ್ದು ಆ ಸ್ಪೀಕರು ಒಂದೇ, ಗೂಟಕ್ಕೆ ಕಟ್ಟಿದ್ದ ತಂತಿ ಬಿಚ್ಚಿ ಅದನ್ನು ಒಂದು ಕಂಕುಳಿಗೆ, ಮರಿಯನ್ನು ಇನ್ನೊಂದು ಕಂಕುಳಿಗೆ ಹಾಕಿಕೊಂಡೆ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ, ಬೇರೆ ಸಾಲಿನಲ್ಲಿ ಬಳಸಿ ನಡೆದೆ. ಡಬ್ಬ ನನ್ನ ಕಿವಿಯ ಬುಡದಲ್ಲೇ "ಯಾರಲೇ ಅದು" ಎಂದು ಅರಚುತ್ತಿತ್ತು. ಅದು ಸುಮ್ಮನಾದ ಪ್ರತಿ ಸಲವೂ ಹಿಂದೆ ಎಲ್ಲೋ ಜೋಳದ ಗರಿ ಸರಸರ ಅನ್ನುತ್ತಿತ್ತು. ಗಾಳಿಯೋ ಏನೋ. ನಾನು ತಿರುಗಿ ನೋಡಲಿಲ್ಲ.

ಮೋಟರ್ ಮನೆಗೆ ನುಗ್ಗಿ ಚಿಲಕ ಹಾಕಿದೆ. ಔಷಧಿ ಡಬ್ಬಗಳನ್ನೆಲ್ಲ ಮರಿಗೆ ಎಟುಕದ ಹಾಗೆ ಗೋಡೆಯ ಗೂಡಿಗೆ ಏರಿಸಲು ಆ ಹೊತ್ತಿನಲ್ಲಿ ನನಗೆ ಎರಡು ನಿಮಿಷ ಹಿಡಿಯಲಿಲ್ಲ. ಸಂಜೆಯೇ ಆ ಕೆಲಸ ಮಾಡಬಹುದಿತ್ತು. ಬೆಳಗಾಗುವವರೆಗೆ ಬಾಗಿಲಿಗೆ ಬೆನ್ನು ಕೊಟ್ಟು, ಮರಿಯನ್ನು ತೊಡೆಯ ಮೇಲೆ ಹಿಡಿದು ಕುಳಿತೆ.

ಬೆಳಿಗ್ಗೆ ಹಾಲಿನ ತಂಬಿಗೆ ಹಿಡಿದು ಬಂದ ಅಕ್ಕ ನನ್ನ ಅವತಾರ ನೋಡಿ, ಡಬ್ಬ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ, ಇದು ನಮ್ಮ ಮೈದುನನ ಡಬ್ಬ ರೀ! ಅವ್ನು ಮನ್ಯಾಗೆ ಹೊದ್ಕೊಂಡು ಮಲಗ್ತಾನೆ, ಅವ್ನ ದನಿ ಹೊಲ ಕಾಯ್ತೈತೆ. ಕೆಮ್ಮೂ ಅವ್ನದೇ. ನಾಯಿ ಮಾತ್ರ ಯಾರವೋ."

"ಹೇಳಬಾರ್ದಿತ್ತಾ ಅಕ್ಕಾ?"

"ನೀವು ಅದರ ಕೂಡ ಮಾತಾಡ್ತೀರಿ ಅಂತ ನಂಗೇನ್ ಗೊತ್ತು? ಈಗ ಹಂದಿನೂ ಅದಕ್ಕೆ ಹೆದರಾದಿಲ್ಲ."

ಚಪ್ಪಲಿ ಹುಡುಕಲು ಇಬ್ಬರೂ ಕಾಲುವೆಗೆ ಹೋದೆವು. ಕೆಸರಿನಲ್ಲಿ ನನ್ನ ಬರಿಗಾಲಿನ ಗುರುತು ಹೊಲದೊಳಗೆ ಹೋಗಿತ್ತು. ಅದರ ಮೇಲೆ, ನನ್ನ ಹಿಮ್ಮಡಿಯ ಗುಂಡಿಯೊಳಗೇ, ಉಗುರಿನ ಗುರುತಿಲ್ಲದ ಅಗಲವಾದ ಪಂಜ ಒತ್ತಿತ್ತು. ಅಕ್ಕನ ನಗು ಎರಡನೆಯ ಸಲ ನಿಂತಿತು. ಆ ದಿನ ತೋಟದ ಬೆಲೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮನೆಯಲ್ಲಿ ಹೆಂಡತಿ ಮರಿಯ ನಾಲ್ಕು ಕಾಲು, ಎರಡು ಕಿವಿ ತಡವಿ ನೋಡಿದಳು. ಅಂಗಿ ಯಾಕೆ ನಾರುತ್ತದೆ ಎಂದು ಕೇಳಿದಳು. ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಮರಿಯನ್ನು ಎದೆಗೆ ಒತ್ತಿಕೊಂಡು ಗೇಟಿನವರೆಗೆ ಹೋಗಿ, ಅಗಳಿ ಹಾಕಿದೆಯೇ ಎಂದು ಎಳೆದು ನೋಡಿ ಬಂದಳು. ಅವಳ ಕೋಲು ಕುರ್ಚಿಯ ಪಕ್ಕದಲ್ಲೇ ಉಳಿದಿತ್ತು.

ಆಮೇಲೂ ನಾನು ಸೈಕಲ್ಲಿನಲ್ಲಿ ಹೋಗಿದ್ದೇನೆ. ಅದಕ್ಕೇ ಹೇಳುತ್ತೇನೆ. ರಾತ್ರಿ ಹೊರಗೆ ತಂಗುವವರು ಪಕ್ಕದ ಹೊಲಕ್ಕೆ ಒಂದು ಕೂಗು ಹಾಕಿ, ತಪ್ಪಲ್ಲ. ಆದರೆ ಬರೀ ಕೂಗಬೇಡಿ, ಏನಾದರೂ ಕೇಳಿ. ಇವತ್ತು ಊಟಕ್ಕೆ ಏನು ಸಾರು ಎಂದು ಕೇಳಿ. ಸಾರಿನ ಹೆಸರು ಬಂದರೆ ಮಲಗಿ. ಬರದಿದ್ದರೆ ಮರಿಯನ್ನು ಎತ್ತಿಕೊಂಡು ಒಳಗೆ ಹೋಗಿ, ಚಿಲಕ ಹಾಕಿ.