ಮರಳುಗಾಡಿನಲ್ಲಿ ಕುಡಿಯದ ನೀರು

ವಾಪಸ್ ಬರುವಾಗ, ರೈಲಿನಲ್ಲಿ ಎರಡನೆಯ ದಿನ ಬೆಳಿಗ್ಗೆ, ನನ್ನ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತ್ತು. ಅದೂ ನಾಲ್ಕು ಚಮಚದಷ್ಟು. ಬಿಸಿಲಿಗೆ ಉಷ್ಣವಾಗಿರಬೇಕು ಎಂದುಕೊಂಡೆ. ಉಷ್ಣ ಎನ್ನುವ ಒಂದೇ ಮಾತಿನ ಕೆಳಗೆ ನಾವು ಎಷ್ಟೆಲ್ಲ ರೋಗಗಳನ್ನು ಮುಚ್ಚಿಡುತ್ತೇವೆ.

ಹುಬ್ಬಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಪಾದ ಊದಿ ಬೂಟಿನೊಳಗೆ ಹೋಗಲಿಲ್ಲ. ಸಂಜೆ ವಾಂತಿ. ಮರುದಿನ ರಕ್ತದ ರಿಪೋರ್ಟ್ ನೋಡಿದ ಡಾಕ್ಟರ್ ನನ್ನನ್ನು ಮನೆಗೆ ಕಳಿಸಲಿಲ್ಲ.

ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಒಂದರ ಆಸುಪಾಸು ಇರಬೇಕಾದದ್ದು, ಎಂಟು ದಾಟಿತ್ತು.

ನನಗೆ ನಲವತ್ಮೂರು. ಧಾರವಾಡದ ಹೈಸ್ಕೂಲೊಂದರಲ್ಲಿ ಗಣಿತ ಶಿಕ್ಷಕಿ. ಕೆಲಗೇರಿಯ ಮನೆಯಲ್ಲಿ ನಾನು, ನಿವೃತ್ತ ಹೆಡ್‌ಮಾಸ್ತರರಾದ ಅಪ್ಪ, ಇಬ್ಬರೇ. ರಜೆ ಸಿಕ್ಕರೆ ಬಂಡೆ ಹತ್ತುತ್ತೇನೆ. ಬಾದಾಮಿಯಲ್ಲಿ ಕಲಿತ ಚಟ. ಹತ್ತು ವರ್ಷದಿಂದ ನನ್ನ ಹಗ್ಗದ ಇನ್ನೊಂದು ತುದಿ ಹಿಡಿಯುವವನು ಇಮ್ತಿಯಾಜ್, ಗೋಕುಲ ರಸ್ತೆಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟವನು. ಈ ಸಲ ಅವನು, ನಾನು, ಇನ್ನೂ ಮೂವರು ಗಂಡಸರು ರಾಜಸ್ಥಾನದ ಮರಳುಗಾಡಿಗೆ ಹೋಗಿದ್ದೆವು. ಕಣ್ಣು ಹಾಯುವವರೆಗೆ ಮರಳು, ನಡುವೆ ಎದ್ದುನಿಂತ ಮೂರು ಒಂಟಿ ಬಂಡೆಗಳು. ಹತ್ತಿರ ಊರಿಲ್ಲ, ಒಂದು ಪೊದೆಯೂ ಇಲ್ಲ. ನೀರನ್ನು ಕ್ಯಾನುಗಳಲ್ಲಿ ತುಂಬಿ ಜೀಪಿನಲ್ಲಿ ಒಯ್ದಿದ್ದೆವು. ಐದು ದಿನ ಹತ್ತಿದೆವು. ಅಂಥ ಖುಷಿಯ ದಿನಗಳು ನನ್ನ ಬದುಕಿನಲ್ಲಿ ಕಡಿಮೆ. ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ.

"ನೋವಿನ ಗುಳಿಗಿ ಎಷ್ಟು ತೊಗೊಂಡೀರಿ?" ಡಾಕ್ಟರ್ ಕೇಳಿದರು.

"ದಿನಾ ಮೂರು. ಬೆರಳು ಭಾಳ ನೋಯತಿದ್ದೂವ್ರಿ."

"ನೀರು ಕುಡದೀರಿ?"

ಅಪ್ಪ ಪಕ್ಕದಲ್ಲೇ ನಿಂತಿದ್ದರು. "ಕುಡದೇನ್ರಿ," ಎಂದೆ.

ಕುತ್ತಿಗೆಗೆ ಕ್ಯಾಥೆಟರ್ ಹಾಕಿ ಡಯಾಲಿಸಿಸ್ ಶುರು ಮಾಡಿದರು. ನಾಲ್ಕು ತಾಸು ಅಲುಗದೆ ಮಲಗಬೇಕು. ನನ್ನ ರಕ್ತ ಕಣ್ಣೆದುರಿನ ನಳಿಗೆಯಲ್ಲಿ ಹೊರಗೆ ಹೋಗಿ ಒಳಗೆ ಬರುತ್ತಿತ್ತು. ಮುಗಿಯುವಾಗ ಕಾಲು ಸೆಳೆತ. ಬಾಯಾರಿಕೆ ಅಂದರೆ ಏನೆಂದು ತಿಳಿದದ್ದು ಮರಳುಗಾಡಿನಲ್ಲಲ್ಲ, ಈ ವಾರ್ಡಿನಲ್ಲಿ. ಕಿಡ್ನಿ ಹೊರಹಾಕುವುದಿಲ್ಲವೆಂದು ದಿನಕ್ಕೆ ಅರ್ಧ ಲೀಟರ್ ನೀರು, ಅಷ್ಟೇ. ಡಾಕ್ಟರ್ ಒಳ್ಳೆಯ ಮನುಷ್ಯ, ಸುಳ್ಳು ಭರವಸೆ ಕೊಡಲಿಲ್ಲ. "ಕಿಡ್ನಿ ಕೆಲಸಾ ನಿಲ್ಲಿಸ್ಯಾವು. ಮತ್ತ ಶುರು ಮಾಡತಾವೋ ಇಲ್ಲೋ, ಕಾದು ನೋಡೂಣ್ರಿ." ಶುರುವಾಗದಿದ್ದರೆ ವಾರಕ್ಕೆ ಮೂರು ಸಲ ಈ ಹಾಸಿಗೆ, ಕೊನೆತನಕ.

ಇಮ್ತಿಯಾಜ್ ದಿನವೂ ಮಧ್ಯಾಹ್ನ ಬಂದು ಕಾರಿಡಾರಿನಲ್ಲಿ ನಿಲ್ಲುತ್ತಿದ್ದ. ಐದನೆಯ ದಿನ ಬಾಗಿಲ ಆಚೆ ಅವನು ಅಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತು.

"ತಪ್ಪು ನಂದ ಐತ್ರಿ ಸರ. ವಜ್ಜಿ ಆಗತೈತಿ ಅಂತ ನಾಕನೇ ದಿನ ಒಂದು ಕ್ಯಾನು ಟೆಂಟಿನ್ಯಾಗ ಬಿಟ್ಟು ನಡದೆ. ಅಕ್ಕಾರಿಗೆ ನೀರು ಕಮ್ಮಿ ಬಿತ್ತು."

ಅವತ್ತಿನಿಂದ ಅಪ್ಪ ಅವನಿಗೆ ಕೂಡು ಎನ್ನುವುದನ್ನೂ ಬಿಟ್ಟರು.

ನೀರು ಕಮ್ಮಿ ಬಿದ್ದಿರಲಿಲ್ಲ. ಅವನು ತುಂಬಿಕೊಟ್ಟ ಬಾಟಲಿಯನ್ನು ನಾನು ದಿನವೂ ಹಾಗೇ ಕೆಳಗಿಳಿಸಿ, ಯಾರೂ ನೋಡದಂತೆ ಕ್ಯಾನಿಗೆ ಸುರಿಯುತ್ತಿದ್ದೆ. ನಮ್ಮ ಶಾಲೆಯಲ್ಲಿ ಹೆಂಗಸರ ಪಾಯಖಾನೆಗೆ ಚಿಲಕವಿಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ನಾವು ಶಿಕ್ಷಕಿಯರು ಗುಟುಕು ನೀರು ಕುಡಿಯುವುದಿಲ್ಲ. ಹದಿನೆಂಟು ವರ್ಷದ ರೂಢಿ. ಅದನ್ನೇ ಮರಳುಗಾಡಿಗೂ ಕಟ್ಟಿಕೊಂಡು ಹೋದೆ. ಬಯಲು, ನಾಲ್ವರು ಗಂಡಸರು, ಸೊಂಟಕ್ಕೆ ಬಿಗಿದ ಹಗ್ಗದ ಬೆಲ್ಟು ಬಿಚ್ಚಬೇಕು. ಅದಕ್ಕಿಂತ ಕುಡಿಯದೇ ಇರುವುದು ಸುಲಭ ಅನ್ನಿಸಿತು. ನನಗೆ ನೀರೇ ಬೇಕಾಗುವುದಿಲ್ಲ ಎಂದು ಜಂಭ ಬೇರೆ.

ಇದನ್ನು ಅಪ್ಪನ ಎದುರು ಹೇಗೆ ಹೇಳುವುದು? ಇಂಥ ಮಾತು ನಮ್ಮಿಬ್ಬರ ನಡುವೆ ಎಂದೂ ಬಂದಿರಲಿಲ್ಲ. ಅವನ ಮಾತು ಕೇಳಿದ ಮೇಲೂ ಮೂರು ದಿನ ಸುಮ್ಮನಿದ್ದೆ. ಕಿಡ್ನಿ ಹೋಗುವ ಭಯಕ್ಕಿಂತ ಆ ನಾಚಿಕೆ ದೊಡ್ಡದಾಗಿತ್ತು ಎಂದರೆ ಈಗ ನನಗೇ ಸಿಟ್ಟು ಬರುತ್ತದೆ.

ಎಂಟನೆಯ ದಿನ ಇಮ್ತಿಯಾಜ್ ಬಾಗಿಲಲ್ಲಿ ನಿಂತು ಅಪ್ಪನನ್ನು ಕೇಳಿದ. "ನನ್ನ ಕಿಡ್ನಿ ಅಕ್ಕಾರಿಗೆ ಹೊಂದತೈತೇನು, ಡಾಕ್ಟರಿಗೆ ಕೇಳ್ರಿ ಸರ. ಮನ್ಯಾಗ ಹೇಳಿ ಬಂದೇನಿ."

ನನಗೆ ತಡೆಯಲಾಗಲಿಲ್ಲ. ಒಳಗೆ ಕರೆದೆ.

"ನೀರು ಇತ್ತು ಇಮ್ತಿಯಾಜ್. ನಾನ ಕುಡೀಲಿಲ್ಲ."

"ಯಾಕ್ರಿ?"

"ಕುಡದ್ರ ಒಂದಕ್ಕ ಹೋಗಬೇಕಲ್ಲೋ. ನಿಮ್ಮೆಲ್ಲಾರ ಮುಂದ ಎಲ್ಲಿ ಹೋಗ್ಲಿ?"

ಅವನು ಕಣ್ಣೊರೆಸಿಕೊಂಡ.

"ಅತ್ಲಾಗ ಮಾರಿ ಮಾಡಿ ನಿಂದರತಿದ್ವಿ. ಹತ್ತು ವರ್ಷ ನಿಮ್ಮ ಜೀವಾ ನನ್ನ ಕೈಯಾಗ ಕೊಟ್ರಿ ಅಕ್ಕಾರ. ಇದೊಂದು ಮಾತು ಹೇಳಾಕ ಆಗಲಿಲ್ಲೇನು?"

ಅಪ್ಪ ಎದ್ದು ತಮ್ಮ ಕುರ್ಚಿಯನ್ನು ಅವನ ಕಡೆ ಸರಿಸಿದರು. "ಕೂಡಪಾ," ಎಂದರು. "ನಿನ್ನ ಮ್ಯಾಲೆ ಸುಮ್ಮನ ಸಿಟ್ಟಾಗಿದ್ದೆ." ಆಮೇಲೆ ತಾವೇ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿ ಬಂದರು.

ಹನ್ನೆರಡನೆಯ ದಿನ ಎಂಬತ್ತು ಎಂ.ಎಲ್. ಮೂತ್ರ ಬಂತು. ಮರುದಿನ ಇನ್ನೂರು. ಅದರ ಮರುದಿನ ನಾನೂರು. ನರ್ಸ್ ತಂದ ಅಳತೆಯ ಜಾರನ್ನು ಅಪ್ಪ ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು ಗೆರೆ ಓದಿದರು. ಮೊದಲ ಫೋನು ಗೋಕುಲ ರಸ್ತೆಯ ಲೇತ್ ವರ್ಕ್‌ಶಾಪಿಗೆ ಹೋಯಿತು.

ಈಗ ಎರಡು ತಿಂಗಳು. ಡಯಾಲಿಸಿಸ್ ನಿಂತಿದೆ. ಕ್ರಿಯಾಟಿನಿನ್ ಒಂದೂವರೆಯ ಆಸುಪಾಸು; ಪೂರ್ತಿ ಮೊದಲಿನಂತಾಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ನೋವಿನ ಗುಳಿಗೆ ಜನ್ಮದಲ್ಲಿ ಮುಟ್ಟುವಂತಿಲ್ಲ. ಬಂಡೆಯ ಮಾತು ಸದ್ಯಕ್ಕಿಲ್ಲ. ಬೆಳಿಗ್ಗೆ ಬಚ್ಚಲಿನಲ್ಲಿ ಬಣ್ಣ ನೋಡುವಾಗ ಎದೆ ಇನ್ನೂ ಹೊಡೆದುಕೊಳ್ಳುತ್ತದೆ. ತಿಳಿಯಾಗಿದ್ದರೆ ಹೊರಗೆ ಬಂದು ಅಪ್ಪನಿಗೆ ಹೇಳುತ್ತೇನೆ. ಅವರು ಪೇಪರ್ ಕೆಳಗಿಟ್ಟು, "ಛಲೋ ಆತು," ಎನ್ನುತ್ತಾರೆ.