ವಲ್ಲಿಯ ಕೆಳಗಿನ ಬೆಲೆ

ಟ್ರ್ಯಾಕ್ಟರ್ ಟ್ರಾಲಿಗೆ ಬೆಸುಗೆ ಹಾಕುವವನಿಗೆ ರೇಸ್ ಕಾರಿನ ಹುಚ್ಚು ಹಿಡಿಯಬಾರದು. ನನಗೆ ಹಿಡಿಯಿತು. ಜಹೀರಾಬಾದಿನ ನನ್ನ ಅಂಗಡಿಯ ಮುಂದೆ, ಬೊಂಬಾಯಿ ರಸ್ತೆಯಲ್ಲಿ, ಒಮ್ಮೆ ಹಳೆಯ ವಿಲಾಯತಿ ರೇಸ್ ಕಾರೊಂದು ಇಂಜಿನ್ ಕಾದು ನಿಂತುಬಿಟ್ಟಿತು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಮುಚ್ಚಳವಿಲ್ಲ. ಮಾಲಕ ಚಹಾ ಕುಡಿದು ಬರುವಷ್ಟರಲ್ಲಿ ಅದರ ಮೈಯೆಲ್ಲ ಗೇಣು ಹಾಕಿ ಅಳೆದು, ಇದ್ದಿಲಿನಿಂದ ಗೋಡೆಗೆ ಬರೆದುಕೊಂಡೆ. ಮೂರು ವರ್ಷ ತಗಡು ಬಡಿದು, ಗುಜರಿ ಜೀಪಿನ ಇಂಜಿನ್ ಕೂರಿಸಿ, ಅದರ ನಕಲು ಮಾಡಿದೆ.

ಅಪ್ಪ ದನದ ಸಂತೆಯ ದಲಾಲಿ. ಕಾರು ಕೊಟ್ಟಿಗೆ ಹಿಡಿದಿತ್ತು, ಎಮ್ಮೆ ಬಿಸಿಲಿಗೆ ಬಿದ್ದಿತ್ತು.

"ಹಾಲ್ ಕೊಡಲ್ಲ, ಹೆಂಡಿ ಹಾಕಲ್ಲ. ಇದಕ್ಯಾಕೋ ಕೊಟ್ಟಗಿ?" ಎಂದು ದಿನಾ ಬಯ್ಯುತ್ತಿದ್ದ.

ಮಗನ ಮದುವೆ ಮೆರವಣಿಗೆಗೆಂದು ಕಬ್ಬಿನ ರೈತನೊಬ್ಬ ಅದನ್ನು ಕೇಳಲು ಬಂದ. ಮಾರುವ ಮನಸ್ಸು ನನಗೆ ಸಾಸಿವೆಯಷ್ಟೂ ಇರಲಿಲ್ಲ. ಆದರೆ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ ನೋಡಿ, ಹೆದರಿ ಓಡಲಿ ಎಂದು ಎಂಟು ಸಾವಿರ ಎಂದೆ. ಅವನೇನೋ ಓಡಿದ. ಎಂಟು ಸಾವಿರದ ಕಾರಂತೆ ಎಂಬ ಸುದ್ದಿ ಕೇಳಿ ನೋಡಲು ನಾರಾಯಣಖೇಡದವನೊಬ್ಬ ಬಂದ. ಹನ್ನೆರಡು ಎಂದೆ. ಮುಂದಿನ ವಾರ ತಾಂಡೂರಿನ ಕಲ್ಲುಗಣಿ ಸಾವುಕಾರನೇ ಬಂದು ನಿಂತ. ದೇವರ ಮೇಲೆ ಭಾರ ಹಾಕಿ ಇಪ್ಪತ್ತು ಎಂದೆ.

"ಆತು," ಎಂದ ಸಾವುಕಾರ. "ನಾಳಿ ಲಾರಿ ಕಳಸ್ತೀನಿ."

ಆಡಿದ ಮಾತು ತಪ್ಪಿದರೆ ದಲಾಲಿಯ ಮಗನಿಗೆ ಊರಲ್ಲಿ ಮುಖವುಂಟೇ? ಎಮ್ಮೆಗೆ ಮೇವು ಹಾಕುತ್ತಿದ್ದ ಅಪ್ಪ ಕೈ ಒರೆಸಿಕೊಂಡು ಬಂದ.

"ಸಾವ್ಕಾರ್ರ, ಬಾಯಾಗ ಆಡಿದ್ದು ಬ್ಯಾರಿ, ಕೈಯಾಗ ಮುಗಿದಿದ್ದು ಬ್ಯಾರಿ. ನಾನೂ ಒಬ್ಬ ಗಿರಾಕಿ ಇದ್ದೀನ್ರಿ."

ನಮ್ಮ ದನದ ಸಂತೆಯ ಕಟ್ಟಳೆ ಅದು. ಹೆಗಲ ಮೇಲಿನ ವಲ್ಲಿಬಟ್ಟೆ ಹರಡಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು, ಬೆರಳ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಅಲ್ಲಿಯವರೆಗೆ ವ್ಯಾಪಾರ ಮುಗಿದಂತಲ್ಲ. ಮುಗಿದ ಮೇಲೆ ಆ ಬೆಲೆಯನ್ನು ಮೂರನೆಯವನು ಕೇಳುವಂತಿಲ್ಲ.

ಅಪ್ಪ ವಲ್ಲಿ ಹರಡಿದ. ನಾನು ಕೈ ಒಡ್ಡಿದೆ. ಐದು ಬೆರಳು ಹಿಡಿಯುತ್ತಾನೋ, ಎರಡೋ ಎಂದು ಕಾದೆ. ಅವನು ಬೆರಳು ಹಿಡಿಯಲೇ ಇಲ್ಲ. ಸುಟ್ಟ ಕಲೆಗಳಿಂದ ಒರಟಾಗಿದ್ದ ನನ್ನ ಇಡೀ ಕೈಯನ್ನೇ ಹಿಡಿದುಕೊಂಡ. ನನಗೆ ಮೀಸೆ ಬಂದ ಮೇಲೆ ಅಪ್ಪ ನನ್ನ ಕೈ ಹಿಡಿದದ್ದು ಅದೇ ಮೊದಲು.

"ಮುಗೀತ್ರಿ," ಎಂದು ಅಪ್ಪ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. "ನಿಮ್ಮ ಬೆಲಿಗಿಂತ ಜಾಸ್ತಿಗೇ ಆಗ್ಯಾದ."

ಸಾವುಕಾರ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಹೋದ. ಸಂಜೆಗೆ ಜಹೀರಾಬಾದಿನ ಜನರ ಬಾಯಲ್ಲಿ ಕಾರಿನ ಬೆಲೆ ಮೂವತ್ತಾಗಿತ್ತು. ವಾರದಲ್ಲಿ ನಾರಾಯಣಖೇಡದಲ್ಲಿ ನಲವತ್ತು. ಮತ್ತೆ ಯಾರೂ ಕೇಳಲು ಬರಲಿಲ್ಲ.

"ಅಪ್ಪ, ಖರೇನ ಎಷ್ಟಕ್ಕ ಮುಗೀತು?" ಎಂದು ಕೇಳಿದೆ.

"ಎಮ್ಮಿಗೊಂದು ಚಪ್ಪರ ಹಾಕು," ಎಂದ.