ಎಡಚಿ ಪಿಕಪ್

ಮೊನ್ನೆ ಮಣಿಪಾಲದ ಟಯರ್ ಅಂಗಡಿಯೊಂದರಲ್ಲಿ ಕುಳಿತಿದ್ದೆ. ನನ್ನ ಕಾರಿನ ಟಯರ್ ಬದಲಾಯಿಸುತ್ತಿದ್ದರು. ಈಗ ಗಾಳಿಯ ಯಂತ್ರ ಒಮ್ಮೆ ಗುರ್ರೆಂದರೆ ನಟ್ಟುಗಳು ಕೈಗೆ ಉದುರುತ್ತವೆ, ಬೈಯುವುದಕ್ಕೂ ಸಮಯ ಸಿಗುವುದಿಲ್ಲ. ರಬ್ಬರಿನ ವಾಸನೆ ಮಾತ್ರ ಹಳೆಯದೇ. ನಿಮಗೆ ಆ ವಾಸನೆಯಿಂದ ತಲೆನೋವು ಬರಬಹುದು. ನನಗೆ ಅದರ ಬೆನ್ನಿಗೇ ಮಲ್ಲಿಗೆಯ ಪರಿಮಳ ಬರುತ್ತದೆ. ಮೂಗು ಕೆಟ್ಟಿದೆ ಎಂದುಕೊಳ್ಳಬೇಡಿ, ಕಾರಣ ಉಂಟು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಪುವಿನಿಂದ ಒಳಗೆ, ಶಂಕರಪುರದ ಹತ್ತಿರ ನಮ್ಮ ಮನೆ. ಅದೇ ಅಂಗಳದ ಆಚೆ ಬದಿಯಲ್ಲಿ ಚಿಕ್ಕಪ್ಪನ ಮನೆ. ಚಿಕ್ಕಪ್ಪ ಕುವೈಟಿಗೆ ಹೋಗುವಾಗ ಹಿಂದೆ ಬಿಟ್ಟದ್ದು ಎರಡು: ಹೆಂಡತಿ ಜುಲಿಯಾನಾ ಮತ್ತು ಜೀಪಿನ ಜಾತಿಯ ಒಂದು ಹಳೆಯ ಪಿಕಪ್. ಪಿಕಪ್ಪಿಗೆ ಟಾರ್ಪಾಲು ಹೊದೆಸಿ ಹೋದರು. ಹೆಂಡತಿಗೆ ಹೊದೆಸಲು ಆಗಲಿಲ್ಲ.

ಜುಲಿ ಮಾವ್ಶಿ ಎಂದು ನಾವು ಕರೆಯುತ್ತಿದ್ದ ಈ ಚಿಕ್ಕಮ್ಮ ಎಡಚಿ. ಚಿಕ್ಕಂದಿನಲ್ಲಿ ಬೆತ್ತದ ಏಟು ತಿಂದು ಊಟವನ್ನೂ ಬರವಣಿಗೆಯನ್ನೂ ಬಲಗೈಗೆ ದಾಟಿಸಿದ್ದರಂತೆ. ಆದರೆ ಮಲ್ಲಿಗೆ ಕಟ್ಟಲು ಕುಳಿತರೆ ಬಾಳೆನಾರು ತಾನಾಗಿ ಎಡಗೈಗೆ ಹೋಗುತ್ತಿತ್ತು. ಎಡಗೈಯಲ್ಲಿ ಕಟ್ಟಿದ ಹೂವು ದೇವರಿಗೆ ಆಗುತ್ತದಾ ಎಂದು ಯಾರೋ ಕೊಂಕು ತೆಗೆದಾಗ, “ದೇವರಿಗೆ ಎರಡೂ ಕೈ ಉಂಟಲ್ಲ?” ಎಂದು ಹೇಳಿ ಕಟ್ಟುತ್ತಲೇ ಇದ್ದರು.

ಅವರಿಗೆ ಪಿಕಪ್ ಓಡಿಸಬೇಕಿತ್ತು. ಓಡಿಸಲು ಚಿಕ್ಕಪ್ಪನೇ ಕಲಿಸಿದ್ದರು, ಲೈಸೆನ್ಸೂ ಇತ್ತು. ಅಲೆವೂರಿನಿಂದ ಉಚ್ಚಿಲದವರೆಗಿನ ಮನೆಗಳ ಹೂವು ಒಟ್ಟು ಮಾಡಿ ಹೊತ್ತಿಗೆ ಸರಿಯಾಗಿ ಉಡುಪಿಗೆ ಮುಟ್ಟಿಸುವ ಯೋಚನೆ. ಕುವೈಟಿನ ಕಾಗದ ಕಾಯುತ್ತಾ ಜಗಲಿಯಲ್ಲಿ ಕುಳಿತು ಮುದುಕಿಯಾಗಲು ಅವರು ತಯಾರಿರಲಿಲ್ಲ. ನನ್ನ ಪಪ್ಪನಿಗೆ ಇದು ಸೇರಲಿಲ್ಲ. ಪಪ್ಪ ಮನೆಗೆ ಹಿರಿಯರು, ಜಗಲಿಯ ಆರಾಮಕುರ್ಚಿಯಿಂದಲೇ ಊರಿನ ನ್ಯಾಯ ತೀರಿಸುವವರು.

“ಮಲ್ಲಿಗೆ ಹೊರಲಿಕ್ಕೆ ಪಿಕಪ್ ಎಂತಕ್ಕೆ ಜುಲಿ? ಚಕ್ರ ನೋಡು, ನನ್ನ ತಲೆಯ ಹಾಗೆ ಬೋಳು. ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಒಬ್ಬ ಗಿರಾಕಿಯನ್ನು ಕರಕೊಂಡು ಬರ್ತೇನೆ. ಅಷ್ಟರಲ್ಲಿ ಇದು ರಸ್ತೆಗೆ ಇಳಿದರೆ ನಿನ್ನದು, ಇಲ್ಲದಿದ್ದರೆ ಅವನದು.”

“ಆಗಲಿ ಭಾವ,” ಎಂದರು ಮಾವ್ಶಿ. ಮರುದಿನವೇ ಕಾರ್ಕಳದ ಗುಜರಿ ಅಂಗಡಿಗೆ ನಾವಿಬ್ಬರೂ ಹೋದೆವು. ಎಲ್ಲೋ ತಿರುವಿನಲ್ಲಿ ಮಗುಚಿದ ಹೊಸ ಜೀಪೊಂದರ ನಾಲ್ಕು ಚಕ್ರಗಳು ಟಯರ್ ಸಮೇತ ಅಲ್ಲಿದ್ದವು. ಮಾವ್ಶಿ ಟಯರಿನ ಗೀರುಗಳಲ್ಲಿ ಬೆರಳು ಇಳಿಸಿ ಆಳ ನೋಡಿದ್ದು, ಮೀನಿನ ಕಿವಿರು ಎತ್ತಿ ನೋಡಿದ ಹಾಗೆಯೇ ಇತ್ತು.

ಶನಿವಾರ ಕೆಲಸ ಶುರುವಾಯಿತು. ಬಲಬದಿಯ ಎರಡು ಚಕ್ರ ಸಲೀಸಾಗಿ ಬದಲಾದವು. ನಾನು ಆಗ ಕಾಲೇಜಿನ ಹುಡುಗಿ, ಹಿಂದಿನ ಜನ್ಮದಲ್ಲಿ ಮೆಕ್ಯಾನಿಕ್ ಆಗಿದ್ದೆನೆಂದು ಅಷ್ಟರಲ್ಲಿ ನನಗೆ ಖಾತ್ರಿಯಾಗಿತ್ತು. ಎಡಬದಿಗೆ ಬಂದೆವು. ಒಂದು ನಟ್ಟೂ ಅಲುಗಲಿಲ್ಲ. ಸೀಮೆಎಣ್ಣೆ ಸುರಿದೆವು. ಮನೆಯಲ್ಲಿ ತೂಕದವಳು ನಾನೇ ಆದ್ದರಿಂದ ಸ್ಪ್ಯಾನರಿನ ಮೇಲೆ ಹತ್ತಿ ಕುಣಿದೆ. ಸ್ಪ್ಯಾನರ್ ಬಗ್ಗಿತು, ನಟ್ಟು ಬಗ್ಗಲಿಲ್ಲ.

ಪಪ್ಪ ಪೇಪರ್ ಮಡಚಿದರು. “ಅದಕ್ಕೇ ಹೋಗಲಿಕ್ಕೆ ಮನಸ್ಸಿಲ್ಲ ಮಾರಾಯ್ತಿ. ಎಂತಕ್ಕೆ ಹಠ?”

ಮಾವ್ಶಿ ನೆಲದಲ್ಲೇ ಕುಳಿತುಬಿಟ್ಟರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ನನಗೆ ಪಪ್ಪನ ಮೇಲೆ ಸಿಟ್ಟು ಬಂತು. ಮಾವ್ಶಿ ಕಣ್ಣೊರೆಸಿಕೊಂಡು ಆ ಚಕ್ರವನ್ನೇ ದಿಟ್ಟಿಸಿ ಕೇಳಿದರು:

“ಬಲದ್ದು ಬಂತು, ಎಡದ್ದು ಮಾತ್ರ ಬರುವುದಿಲ್ಲ. ಇದು ನನ್ನ ಹಾಗೆ ಎಡಚಿಯಾ ಹೇಗೆ?”

ನಾನು ನಕ್ಕೆ. ಅವರು ನಗಲಿಲ್ಲ. ಸ್ಪ್ಯಾನರನ್ನು ತಿರುಗಿಸಿ ಹಾಕಿ, “ಈಗ ಈಚೆ ಬದಿಯಿಂದ ಹತ್ತು,” ಎಂದರು. ಹತ್ತಿದೆ. ಕಿರ್ರೆಂದು ನಟ್ಟು ಸಡಿಲಾಯಿತು, ನಾನು ದೊಪ್ಪೆಂದು ಅಂಗಳಕ್ಕೆ ಬಿದ್ದೆ.

ಆ ಕಾಲದ ಕೆಲವು ಗಾಡಿಗಳಲ್ಲಿ ಎಡಬದಿಯ ನಟ್ಟುಗಳ ತಿರುಚೇ ಉಲ್ಟಾ ಇರುತ್ತಿತ್ತು, ಓಡುವಾಗ ಸಡಿಲಾಗದಿರಲಿ ಎಂದು. ನಾನು ಅಷ್ಟು ಹೊತ್ತು ಕುಣಿದು ಅವನ್ನು ಇನ್ನಷ್ಟು ಬಿಗಿ ಮಾಡಿದ್ದೆ! ಎಲ್ಲ ಚಕ್ರ ಸೇರಿದ ಮೇಲೆ ಪಿಕಪ್, ಅಳಿಯನ ಬೂಟು ಹಾಕಿಕೊಂಡ ಮಾವನ ಹಾಗೆ ಗತ್ತಿನಲ್ಲಿ ನಿಂತಿತು.

ಆದಿತ್ಯವಾರ ಪಪ್ಪ ಗಿರಾಕಿಯೊಂದಿಗೆ ಬರುವಾಗ ಅಂಗಳ ಖಾಲಿ. ಸ್ವಲ್ಪ ಹೊತ್ತಿನಲ್ಲಿ ಪಿಕಪ್ ಬಂತು, ಹಿಂದೆ ಹೂವಿನ ಬುಟ್ಟಿಗಳು. ಗಿರಾಕಿ ಸುತ್ತು ಬಂದು, “ಟಯರ್ ಒಳ್ಳೆಯದುಂಟು, ಎಷ್ಟು ಹೇಳ್ತೀರಿ?” ಎಂದ. ಪಪ್ಪ ಬಾಯಿ ತೆರೆಯುವ ಮೊದಲೇ ಮಾವ್ಶಿ ಪಕ್ಕದ ಸೀಟಿನ ಬಾಗಿಲು ತೆಗೆದರು.

“ಹತ್ತಿ ಭಾವ. ಉಡುಪಿಗೆ ಹೋಗಿ ಬರುವ.”

ಪಪ್ಪ ಗಿರಾಕಿಯನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಪೂಜೆಯ ಬಿಳಿ ಪ್ಯಾಂಟನ್ನು ನೋಡಿಕೊಂಡು ಹತ್ತಿದರು. ಮಾವ್ಶಿ ಅವರ ಮಡಿಲಿಗೆ ಒಂದು ಬುಟ್ಟಿ ಇಟ್ಟರು. ಹೊಸ ರಬ್ಬರಿನ ಗೀರುಗಳು ಅಂಗಳದ ಮಣ್ಣಿನಲ್ಲಿ ಅಚ್ಚೊತ್ತಿ ಉಳಿದವು.

ಇಷ್ಟು ವರ್ಷ ನಾನು ಈ ಕಥೆಯನ್ನು ಉಲ್ಟಾ ನಟ್ಟಿನ ತಮಾಷೆಯಾಗಿಯೇ ಹೇಳುತ್ತಾ ಬಂದಿದ್ದೆ. ಮೊನ್ನೆ ಆ ಅಂಗಡಿಯಲ್ಲಿ ಕುಳಿತಾಗ ನೆನಪಾದದ್ದು ಮಾವ್ಶಿ ಬಾಗಿಲು ತೆಗೆದದ್ದು. ಗೆದ್ದವರು ಸೋತವರಿಗೆ ಪಕ್ಕದ ಸೀಟು ಕೊಡುವುದನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ. ಮಾವ್ಶಿ ಈಗ ಅಲೆವೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿ ಗಾಡಿ ಓಡಿಸುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಕಾರು ತಯಾರಾದಾಗ ನಾನು ಮನೆಯ ದಾರಿ ಬಿಟ್ಟು ಆ ಕಡೆಗೆ ತಿರುಗಿಸಿದೆ. ಹಾರ್ನ್ ಕೇಳಿ ಅವರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ನಾನು ಬಾಗಿಲು ತೆಗೆದು ಹೇಳಿದೆ, “ಹತ್ತಿ ಮಾವ್ಶಿ.”